ಸಂಜೆ ನಾಲ್ಕರ ನಂತರದ ಶಾಲೆ

ಏಪ್ರಿಲ್ ತಿಂಗಳಲ್ಲಿ ನಂಜನಗೂಡಿನ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಜಾತ್ರೆಯ ಫ್ಲೆಕ್ಸ್‌ಗಳು ಇಳಿಯುವ ಹೊತ್ತಿಗೆ ಶಾಲೆಗಳ ಫ್ಲೆಕ್ಸ್‌ಗಳು ಏರುತ್ತವೆ. ತಿ. ನರಸೀಪುರದ ಕಡೆಯೂ ಅದೇ ನೋಟ. ಪಾಸ್‌ಪೋರ್ಟ್ ಅಳತೆಯ ಮುಖಗಳು, ಒಂದೊಂದರ ಕೆಳಗೂ ಒಂದು ಅಂಕ, ಮೇಲೊಂದು ಸಾಲಿನಲ್ಲಿ 'ವಸತಿ ಸೌಲಭ್ಯವಿದೆ'. ಅಂಕ ದಪ್ಪಕ್ಷರದಲ್ಲಿದ್ದರೆ ವಸತಿ ಸಣ್ಣಕ್ಷರದಲ್ಲಿರುತ್ತದೆ. ಹದಿನಾಲ್ಕು, ಹದಿನೈದರ ಮಗ ಅಥವಾ ಮಗಳಿಗೆ ವಸತಿ ಶಾಲೆ ಹುಡುಕಿಕೊಂಡು ಬಂದ ಅಪ್ಪ ಅಮ್ಮ ನಿಧಾನವಾಗಿ ಓದಬೇಕಾದದ್ದು ಆ ಸಣ್ಣಕ್ಷರವನ್ನೇ. ಓದುವವರು ಮಾತ್ರ ಕಡಿಮೆ.

ನಮ್ಮ ಮಾತಿನಲ್ಲೇ ಒಂದು ಗುಟ್ಟಿದೆ. ಮಗುವನ್ನು ಶಾಲೆಗೆ 'ಸೇರಿಸುತ್ತಾರೆ', ಹಾಸ್ಟೆಲ್‌ಗೆ 'ಹಾಕುತ್ತಾರೆ'. "ಮೊಬೈಲ್ ಬಿಡ್ತಾನೇ ಇರ್ಲಿಲ್ಲ, ಅದಕ್ಕೇ ಹಾಸ್ಟೆಲ್‌ಗೆ ಹಾಕ್ಬುಟ್ಟೊ" ಎಂಬ ಮಾತು ಈ ಎರಡು ತಾಲ್ಲೂಕುಗಳಲ್ಲಿ ಯಾವ ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಕಿವಿಗೆ ಬೀಳುತ್ತದೆ. ಹಾಕುವುದಕ್ಕೆ ಕಾರಣಗಳು ನೂರೆಂಟು. ಅಪ್ಪನ ಕುಡಿತ, ಕೂಡು ಕುಟುಂಬದ ಜಗಳ, ಕೂಲಿಗಾಗಿ ಕೊಡಗಿನ ಕಾಫಿ ತೋಟಕ್ಕೆ ಹೋಗಿಬರುವ ಬದುಕು, ಹುಡುಗನ ಸಹವಾಸ, ಮನೆಯಲ್ಲಿ ಓದಲು ಒಂದು ಮೂಲೆಯೂ ಇಲ್ಲದಿರುವುದು. ಇವುಗಳಲ್ಲಿ ಕೆಲವು ನಿಜವಾದ ಅಗತ್ಯ. ಕೆಲವು ಅಪ್ಪ ಅಮ್ಮನ ಸುಸ್ತು. ಸುಸ್ತಿಗೆ ವಸತಿ ಶಾಲೆ ಮದ್ದಲ್ಲ ಎಂದು ಯಾವ ಫ್ಲೆಕ್ಸೂ ಹೇಳುವುದಿಲ್ಲ.

ಆದರೆ ಹಾಸ್ಟೆಲ್ ಎಂದರೆ ಶಿಕ್ಷೆ ಎಂದು ಈ ನೆಲ ಮೊದಲಿನಿಂದಲೂ ತಿಳಿದಿರಲಿಲ್ಲ. ಹಳೆಯ ಮೈಸೂರಿನಲ್ಲಿ ಹಳ್ಳಿಯ ಹುಡುಗ ಓದಬೇಕೆಂದರೆ ವಾರಾನ್ನ ಹಿಡಿಯಬೇಕಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಮನೆ ಸಿಗದ ವಾರದ ದಿನ ಉಪವಾಸ. ಆ ಮನೆಗಳ ಬಾಗಿಲೂ ಎಲ್ಲ ಜಾತಿಯ ಹುಡುಗರಿಗೆ ತೆರೆಯುತ್ತಿರಲಿಲ್ಲ. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಮೈಸೂರಿನಲ್ಲಿ ಅನಾಥಾಲಯ ಕಟ್ಟಿದ್ದು, ಗೋಪಾಲಸ್ವಾಮಿ ಅಯ್ಯರ್ ಅವರು ದಲಿತ ಮಕ್ಕಳ ಓದಿಗಾಗಿ ದುಡಿದದ್ದು ಇಂಥ ಕಾಲದಲ್ಲಿ. ಅಯ್ಯರ್ ಅವರ ಹೆಸರು ಹೊತ್ತ ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಮುಂದೆ ಕವಿ ಸಿದ್ಧಲಿಂಗಯ್ಯ ಬೆಳೆದರು. ಅವರ ಆತ್ಮಕತೆ 'ಊರು ಕೇರಿ' ಓದಿದವರಿಗೆ ಆ ಹಾಸ್ಟೆಲ್‌ನ ಹಸಿವೂ ನಗುವೂ ನೆನಪಿರುತ್ತವೆ. ಒಂದು ತಲೆಮಾರಿನ ಕನ್ನಡ ಸಾಹಿತ್ಯ ಹಾಸ್ಟೆಲ್‌ಗಳ ಋಣದಲ್ಲಿದೆ ಎಂದರೆ ಉತ್ಪ್ರೇಕ್ಷೆಯಾಗದು.

ನಂಜನಗೂಡು ತಾಲ್ಲೂಕಿಗೆ ಬಂದರೆ ಸುತ್ತೂರನ್ನು ಬಿಟ್ಟು ಈ ಮಾತು ಮುಂದೆ ಹೋಗದು. ಕಪಿಲೆಯ ದಡದ ಸುತ್ತೂರು ಮಠದ 23ನೇ ಪೀಠಾಧಿಪತಿ ಶಿವರಾತ್ರಿ ರಾಜೇಂದ್ರ ಸ್ವಾಮೀಜಿಯವರು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಎರಡನೇ ಮಹಾಯುದ್ಧದ ಕಾಲ, ಅಕ್ಕಿಗೂ ಪರದಾಟ. ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ ರೂಪುಗೊಂಡದ್ದು 1954ರಲ್ಲಿ. ಅಂದರೆ ಮೊದಲು ಬಂದದ್ದು ಅನ್ನ ಮತ್ತು ಚಾಪೆ, ಸಂಸ್ಥೆ ಬಂದದ್ದು ಹದಿಮೂರು ವರ್ಷದ ಮೇಲೆ. ಇಂದು ಸುತ್ತೂರಿನ ಉಚಿತ ವಸತಿ ಶಾಲೆಯಲ್ಲಿ ಸಾವಿರಾರು ಮಕ್ಕಳಿದ್ದಾರೆ. ಈಶಾನ್ಯ ರಾಜ್ಯಗಳಿಂದ ಬಂದವರೂ ಇದ್ದಾರೆ. ಸುತ್ತಮುತ್ತಲಿನ ಹಳ್ಳಿಗಳವರು ಈ ಶಾಲೆಯನ್ನು ಕಣ್ಣಾರೆ ಕಾಣುವುದು ಹೆಚ್ಚಾಗಿ ಜಾತ್ರೆಯ ದಿನಗಳಲ್ಲಿ. ಕೃಷಿ ಮೇಳ, ಕುಸ್ತಿ, ಸಾಮೂಹಿಕ ವಿವಾಹ, ದಾಸೋಹದ ನಡುವೆ. ಇಲ್ಲೊಂದು ಕಿವಿಮಾತು: ಯಾವ ವಸತಿ ಶಾಲೆಯನ್ನೇ ಆಗಲಿ ಜಾತ್ರೆಯ ದಿನ, ವಾರ್ಷಿಕೋತ್ಸವದ ದಿನ ನೋಡಿ ತೀರ್ಮಾನಿಸಬಾರದು. ಜುಲೈ ತಿಂಗಳ ಜಡಿಮಳೆಯ ಒಂದು ಮಂಗಳವಾರ, ಒಗೆದ ಬಟ್ಟೆ ಒಣಗದೆ ಕಿಟಕಿಗಳಲ್ಲಿ ತೂಗುತ್ತಿರುವಾಗ ಹೋಗಿ ನೋಡಬೇಕು. ಎಷ್ಟೇ ದೊಡ್ಡ ಹೆಸರಿನ ಸಂಸ್ಥೆಯಾದರೂ ಅದರ ನಿಜವಾದ ಮುಖ ಆ ದಿನದ್ದು.

ಹೆತ್ತವರು ಎಡವುವ ಮೊದಲ ಜಾಗ ವಯಸ್ಸಿನದು. ಎಂಟನೇ, ಒಂಬತ್ತನೇ ತರಗತಿಯಲ್ಲಿ ಹುಡುಗ ಕೈತಪ್ಪುತ್ತಿದ್ದಾನೆ ಎನ್ನಿಸಿದಾಗ ಹಾಸ್ಟೆಲ್ ನೆನಪಾಗುತ್ತದೆ. ಅಷ್ಟರಲ್ಲಿ ಸರ್ಕಾರದ ಒಳ್ಳೆಯ ಬಾಗಿಲುಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಡಾ. ಬಿ.ಆರ್. ಅಂಬೇಡ್ಕರ್ ಹೆಸರಿನ ವಸತಿ ಶಾಲೆಗಳನ್ನು ನಡೆಸುವ ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘದ ಅಡಿ ರಾಜ್ಯದಲ್ಲಿ 800ಕ್ಕೂ ಹೆಚ್ಚು ಶಾಲೆಗಳಿವೆ. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲವೂ ಉಚಿತ. ಆದರೆ ಪ್ರವೇಶ ಪರೀಕ್ಷೆ ಇರುವುದು ಆರನೇ ತರಗತಿಗೆ, ಸಾಮಾನ್ಯವಾಗಿ ಒಂದು ಶಾಲೆಗೆ 50 ಮಕ್ಕಳು. ಹನ್ನೊಂದು ವರ್ಷದ ಮಗು ಪರೀಕ್ಷೆ ಬರೆದು ಒಳಗೆ ಹೋಗಿ, ಅಲ್ಲೇ ಹದಿಹರೆಯಕ್ಕೆ ಕಾಲಿಡುತ್ತದೆ.

ನವೋದಯದ್ದೂ ಅದೇ ದಾರಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಬೆಳೆದ ಈ ಕೇಂದ್ರ ಶಾಲೆಗಳು ಜಿಲ್ಲೆಗೊಂದರಂತೆ ಇವೆ. ಐದನೇ ತರಗತಿಯಲ್ಲಿರುವ ಮಗು ಕನ್ನಡದಲ್ಲೇ ಪ್ರವೇಶ ಪರೀಕ್ಷೆ ಬರೆಯಬಹುದು. ಒಬ್ಬರಿಗೆ ಒಂದೇ ಅವಕಾಶ. ಶಾಲೆಗೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ಕನಿಷ್ಠ ಮುಕ್ಕಾಲು ಭಾಗ ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಇಷ್ಟು ಸಂಗತಿ ಎಷ್ಟೋ ಹಳ್ಳಿಗಳಲ್ಲಿ ಐದನೇ ತರಗತಿಯ ಮೇಷ್ಟ್ರು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ಹೇಳದೆ ಉಳಿಯುವ ಇನ್ನೊಂದು ಸಂಗತಿಯೆಂದರೆ, ಒಂಬತ್ತನೇ ತರಗತಿಯಲ್ಲಿ ನವೋದಯದ ಒಂದಷ್ಟು ಮಕ್ಕಳು ಒಂದು ವರ್ಷ ಹಿಂದಿ ಮಾತಾಡುವ ರಾಜ್ಯದ ನವೋದಯಕ್ಕೆ ಹೋಗುತ್ತಾರೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ಹದಿನಾಲ್ಕರ ಹುಡುಗಿಗೆ ಅದು ಬದುಕಿಡೀ ಹೇಳಿಕೊಳ್ಳುವ ಕತೆಯಾಗಬಹುದು. ಮುಂಚೆ ತಿಳಿಯದೆ ಇದ್ದ ಮನೆಯವರಿಗೆ ಅದೇ ರಾತ್ರಿ ನಿದ್ದೆಗೆಡಿಸುವ ಸುದ್ದಿ.

ತಡವಾಗಿ ಎಚ್ಚೆತ್ತವರಿಗೆ ಏನೂ ಉಳಿದಿಲ್ಲ ಎಂದಲ್ಲ. ನವೋದಯದಲ್ಲಿ ಖಾಲಿ ಸೀಟುಗಳಿಗೆ ಒಂಬತ್ತು ಮತ್ತು ಹನ್ನೊಂದನೇ ತರಗತಿಗೆ ಪ್ರತ್ಯೇಕ ಪರೀಕ್ಷೆ ನಡೆಯುತ್ತದೆ. 2007ರಲ್ಲಿ ಶುರುವಾದ ಕೊಡಗಿನ ಕೂಡಿಗೆಯ ಸೈನಿಕ ಶಾಲೆ ಆರಕ್ಕೂ ಒಂಬತ್ತಕ್ಕೂ ಮಕ್ಕಳನ್ನು ತೆಗೆದುಕೊಳ್ಳುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ರಾಮಕೃಷ್ಣ ಆಶ್ರಮದವರು 1953ರಲ್ಲಿ ಆರಂಭಿಸಿದ ವಿದ್ಯಾಶಾಲೆ ಗಂಡುಮಕ್ಕಳಿಗೆ ಮಾತ್ರ, ಅಲ್ಲಿಗೆ ಪ್ರವೇಶ ಎಂಟನೇ ತರಗತಿಯಿಂದ. ಇದಲ್ಲದೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ಪೂರ್ವ, ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಮಲಗುವುದು, ಉಣ್ಣುವುದು ಅಲ್ಲಿ; ಓದುವುದು ಊರಿನ ಬೇರೆ ಶಾಲೆ ಕಾಲೇಜಿನಲ್ಲಿ. ಖಾಸಗಿ ಶಾಲೆಯ ಮಿನುಗಿನ ಮುಂದೆ ಇವು ಮಂಕಾಗಿ ಕಾಣುತ್ತವೆ. ಆದರೂ ಶಾಲೆ ಒಂದು ಕಡೆ, ಹಾಸ್ಟೆಲ್ ಒಂದು ಕಡೆ ಇರುವುದರಿಂದ ಒಂದು ಲಾಭವಿದೆ. ಹಾಸ್ಟೆಲ್‌ನಲ್ಲಿ ಏನಾದರೂ ಎಡವಟ್ಟಾದರೆ ಮಗು ಶಾಲೆಯಲ್ಲಿ ಹೇಳಿಕೊಳ್ಳಬಹುದು, ಶಾಲೆಯದ್ದನ್ನು ಹಾಸ್ಟೆಲ್‌ನಲ್ಲಿ. ಎರಡೂ ಒಬ್ಬರದೇ ಆದಾಗ ಆ ಕಿಟಕಿ ಮುಚ್ಚುತ್ತದೆ.

2024ರ ಫೆಬ್ರವರಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ಕೆಲವು ವಸತಿ ಶಾಲೆಗಳ ಗೇಟಿನ ಬರಹ ವಿಧಾನಸೌಧದವರೆಗೂ ಹೋಗಿ ಗದ್ದಲ ಎಬ್ಬಿಸಿತ್ತು. ಜ್ಞಾನದ ಗುಡಿಗೆ ಕೈಮುಗಿದು ಬಾ ಎನ್ನುತ್ತಿದ್ದ ಬರಹದ ಜಾಗದಲ್ಲಿ, ಧೈರ್ಯವಾಗಿ ಪ್ರಶ್ನೆ ಕೇಳು ಎಂಬರ್ಥದ ಮಾತು ಬಂದಿತ್ತು. ಆಗ ಇಲಾಖೆಯ ಸಚಿವರಾಗಿದ್ದವರು ತಿ. ನರಸೀಪುರದ ಶಾಸಕರೇ ಆದ ಡಾ. ಎಚ್.ಸಿ. ಮಹದೇವಪ್ಪ. ಯಾವ ಸಾಲು ಕುವೆಂಪು ಅವರಿಗೆ ಹೆಚ್ಚು ಹತ್ತಿರ ಎಂಬ ಬಗ್ಗೆ ವಾರಗಟ್ಟಲೆ ಜಗ್ಗಾಟ ನಡೆಯಿತು. ಮಕ್ಕಳು ಏನು ಮಾಡಬೇಕು ಎನ್ನುವುದು ಅತ್ತ ಇರಲಿ. ಗೇಟಿನ ಹೊರಗೆ ಪ್ರಶ್ನೆ ಕೇಳಬೇಕಾದವರು ಅಪ್ಪ ಅಮ್ಮ. ಅವರಂತೂ ಇಂದಿಗೂ ಕೈಮುಗಿದೇ ಒಳಗೆ ಹೋಗುತ್ತಾರೆ. ಖಾಸಗಿ ಶಾಲೆಗೆ ಲಕ್ಷ ಕಟ್ಟುವವರೂ ಪ್ರಿನ್ಸಿಪಾಲರ ಎದುರು ಕುರ್ಚಿಯ ತುದಿಯಲ್ಲಿ ಕೂರುತ್ತಾರೆ.

ಕೇಳಬೇಕಾದದ್ದು ಸಂಜೆ ನಾಲ್ಕರಿಂದ ಬೆಳಿಗ್ಗೆ ಒಂಬತ್ತರವರೆಗಿನ ಕತೆ. ಪಾಠ ಎಲ್ಲ ಶಾಲೆಯಲ್ಲೂ ಉಂಟು. ವಸತಿ ಶಾಲೆಯನ್ನು ವಸತಿ ಶಾಲೆಯಾಗಿಸುವುದು ಆ ಹದಿನೇಳು ಗಂಟೆ. ಫ್ಲೆಕ್ಸಿನ ಅಂಕಗಳಿಂದ ಅದರ ವಾಸನೆಯೂ ಸಿಗುವುದಿಲ್ಲ.

ಮೊದಲು ನಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಓದು, ರಾತ್ರಿ ಹತ್ತೂವರೆಗೆ ದೀಪ ಆರಿಸುವುದು ಎಂಬ ವೇಳಾಪಟ್ಟಿಯನ್ನು ಹೆಮ್ಮೆಯಿಂದ ತೋರಿಸುವ ಶಾಲೆಗಳಿವೆ. ಕೂಡಿ ಕಳೆದರೆ ಆರೂವರೆ ಗಂಟೆ. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲೇ ಹೇಳಿದೆ. ನಿದ್ದೆಗೆಟ್ಟ ಮಗು ಪಾಠದ ಹೊತ್ತಲ್ಲಿ ತೂಕಡಿಸುತ್ತದೆ, ತೂಕಡಿಸಿದ್ದಕ್ಕೆ ನಿಂತುಕೊಂಡು ಓದುವ ಶಿಕ್ಷೆ. ಇದನ್ನು ಶಿಸ್ತು ಎಂದು ಕರೆಯುವ ರೂಢಿ ನಮ್ಮಲ್ಲಿ ಬೇರೂರಿದೆ. ಹೊಲದಲ್ಲಿ ದುಡಿಯುವ ಎತ್ತಿಗೂ ನಡುವೆ ನೊಗ ಇಳಿಸುತ್ತಾರೆ.

ಆಮೇಲೆ ಅಡುಗೆಮನೆ. ಮುದ್ದೆ, ಅನ್ನ, ಸಾರು ತಿಂದು ಬೆಳೆದ ಮಗುವಿಗೆ ಅಲ್ಲಿ ಏನು ಬಡಿಸುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಗೋಡೆಯ ಮೇಲೆ ವಾರದ ಮೆನು ತೂಗುತ್ತಿರುತ್ತದೆ, ಅದನ್ನು ತೋರಿಸುತ್ತಾರೆ. ಯಾರೂ ಕೇಳದ ಪ್ರಶ್ನೆಯೊಂದು ಉಳಿಯುತ್ತದೆ: ಹೊರಗಿನ ಊಟ ಒಳಗೆ ಬರುತ್ತದೆಯೇ? 2025ರ ಮಾರ್ಚ್‌ನಲ್ಲಿ, ತಿ. ನರಸೀಪುರಕ್ಕೆ ಹೊಂದಿಕೊಂಡ ಮಳವಳ್ಳಿ ತಾಲ್ಲೂಕಿನ ಒಂದು ಖಾಸಗಿ ವಸತಿ ಶಾಲೆಯಲ್ಲಿ ಹೋಳಿ ಹಬ್ಬದ ಕಾರ್ಯಕ್ರಮವೊಂದರಲ್ಲಿ ಉಳಿದ ಊಟವನ್ನು ಮಕ್ಕಳಿಗೆ ಬಡಿಸಲಾಯಿತು. ಮೇಘಾಲಯದಿಂದ ಓದಲು ಬಂದಿದ್ದ ಇಬ್ಬರು ಮಕ್ಕಳು ಸತ್ತರು, ಹತ್ತಾರು ಮಕ್ಕಳು ಆಸ್ಪತ್ರೆ ಸೇರಿದರು. ಕೊಟ್ಟವರ ಮನಸ್ಸಿನಲ್ಲಿ ಪುಣ್ಯದ ಲೆಕ್ಕವೇ ಇದ್ದಿರಬಹುದು. ಮದುವೆ ಛತ್ರದಲ್ಲಿ ಉಳಿದದ್ದನ್ನು "ಹಾಸ್ಟೆಲ್ ಮಕ್ಕಳಿಗಾದ್ರೂ ಕೊಟ್ಟುಬಿಡಿ" ಎಂದು ಕಳಿಸುವುದು ನಮ್ಮ ಕಡೆ ದಾನ. ಬೆಳಿಗ್ಗೆ ಹನ್ನೊಂದಕ್ಕೆ ಬೆಂದ ಅನ್ನ ಏಪ್ರಿಲ್ ಬಿಸಿಲಲ್ಲಿ ರಾತ್ರಿ ಎಂಟರವರೆಗೆ ಪಾತ್ರೆಯಲ್ಲಿದ್ದರೆ ಅದು ದಾನವಾಗಿ ಉಳಿಯುವುದಿಲ್ಲ. ಹೊರಗಿನ ಊಟ ಬಂದಾಗ ಮೊದಲು ತಿಂದು ನೋಡುವವರು ಯಾರು, ಬೇಡ ಎನ್ನುವ ಅಧಿಕಾರ ಅಡುಗೆಯವರಿಗೆ ಇದೆಯೇ ಎಂದು ಕೇಳುವುದಕ್ಕೆ ಅಂಜಿಕೆ ಬೇಡ.

ಶಾಲೆಗೆ ಮಾನ್ಯತೆ ಇರುವುದು ಒಂದು, ಮಕ್ಕಳನ್ನು ರಾತ್ರಿ ಇರಿಸಿಕೊಳ್ಳಲು ಅನುಮತಿ ಇರುವುದು ಇನ್ನೊಂದು. ಎರಡನ್ನೂ ಶಾಲೆಯವರ ಬಾಯಿಮಾತಿನಲ್ಲಿ ನಂಬದೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಶಿಕ್ಷಣ ಸಂಸ್ಥೆಗಳ ಹಾಸ್ಟೆಲ್‌ಗಳಿಗೆಂದೇ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2018ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಹೆಸರು ಎತ್ತಿದರೆ ಸಾಕು, ಎದುರಿಗೆ ಕೂತವರ ಧ್ವನಿ ಸ್ವಲ್ಪ ಮೆತ್ತಗಾಗುವುದುಂಟು.

ಕಕ್ಕಸು ಎಷ್ಟಿದೆ, ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ, ಮಳೆಗಾಲದಲ್ಲಿ ಬಿಸಿನೀರು ಬರುತ್ತದೆಯೇ ಎಂದು ಕೇಳಲು ಗಂಡಸರು ಮುಜುಗರಪಡುತ್ತಾರೆ. ಅದಕ್ಕೇ ತಾಯಿಯನ್ನು ಕರೆದುಕೊಂಡು ಹೋಗಬೇಕು. ಮಗಳಿಗೆ ಮುಟ್ಟಿನ ದಿನಗಳಲ್ಲಿ ಪ್ಯಾಡ್ ಸಿಗುವುದು ಎಲ್ಲಿ, ಬಳಸಿದ್ದನ್ನು ಹಾಕುವುದು ಎಲ್ಲಿ, ರಾತ್ರಿ ಎರಡಕ್ಕೆ ಹೊಟ್ಟೆನೋವು ಬಂದರೆ ಯಾವ ಅಕ್ಕನ ಬಾಗಿಲು ತಟ್ಟಬೇಕು ಎಂಬುದು ತಾಯಿಯೇ ಕೇಳಬೇಕಾದ ಮಾತುಗಳು. ಗಂಡುಮಕ್ಕಳ ಹಾಸ್ಟೆಲ್‌ನಲ್ಲಿ ಬೆರಳ ಸಂದಿ ನೋಡಿದರೆ ಸಾಕು. ಕಜ್ಜಿ ಒಬ್ಬನಿಗೆ ಬಂದು ವಾರದಲ್ಲಿ ಕೋಣೆಗೆಲ್ಲ ಹಬ್ಬಿದ್ದರೆ ಹಾಸಿಗೆ ಹೊದಿಕೆಗಳ ಕತೆ ತಾನೇ ತಿಳಿಯುತ್ತದೆ.

ಮಗು ತನ್ನ ಕಷ್ಟ ಹೇಳಿಕೊಳ್ಳುವುದು ಯಾರ ಹತ್ತಿರ? "ನಮ್ಮಲ್ಲಿ ಅಂಥದ್ದೇನೂ ಆಗಲ್ಲ" ಎನ್ನುವ ಉತ್ತರವೇ ಅಪಾಯದ್ದು. ಅಂಥದ್ದು ಎಲ್ಲೆಡೆ ಆಗಬಹುದು, ಆದಾಗ ಏನು ಮಾಡುತ್ತೇವೆ ಎಂದು ಹೇಳಬಲ್ಲ ಶಾಲೆ ವಾಸಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ತನ್ನ ಸಿಬ್ಬಂದಿಯ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲಿದ್ದರೆ ಒಳ್ಳೆಯದೇ. ಆದರೆ ಹುಡುಗ ಕರೆ ಮಾಡುವ ಫೋನು ವಾರ್ಡನ್ ಮೇಜಿನ ಮೇಲಿದ್ದು, ಮಾತಾಡುವಾಗ ವಾರ್ಡನ್ ಪಕ್ಕದಲ್ಲೇ ನಿಂತಿದ್ದರೆ ಆ ಸಂಖ್ಯೆ ಗೋಡೆಯ ಅಲಂಕಾರ ಅಷ್ಟೆ. ಭಾನುವಾರದ ಭೇಟಿಯಲ್ಲಿ ಮಗುವನ್ನು ಒಂದು ಗಂಟೆ ಗೇಟಿನಾಚೆ ಮರದ ಕೆಳಗೆ ಕೂರಿಸಿಕೊಂಡು ಬುತ್ತಿ ಬಿಚ್ಚಲು ಬಿಡದ ಶಾಲೆಯನ್ನು, ಅದರ ಫಲಿತಾಂಶ ನೂರಕ್ಕೆ ನೂರಿದ್ದರೂ, ಆರಿಸದಿರುವುದೇ ಸರಿ.

ಇನ್ನು ದೂರ. ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಈ ಭಾಗದ ಒಂದಷ್ಟು ಮಕ್ಕಳು ಪಿಯುಗೆಂದು ಕರಾವಳಿಯ ಮೂಡುಬಿದಿರೆ, ಮಂಗಳೂರಿನ ಕಡೆ ಹೊರಡುತ್ತಾರೆ. ಅಲ್ಲಿನ ಓದಿನ ಬಗ್ಗೆ ತಕರಾರಿಲ್ಲ. ಆದರೆ ನಡುವೆ ಸುಮಾರು 250 ಕಿಲೋಮೀಟರ್ ಮತ್ತು ಒಂದು ಘಟ್ಟವಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದಾಗ ಮಡಿಕೇರಿ–ಸಂಪಾಜೆ ದಾರಿಯೇ ಇರಲಿಲ್ಲ. ಜ್ವರ ಬಂದ ಮಗುವಿನ ಹತ್ತಿರ ತಾಯಿ ಬೆಳಿಗ್ಗೆ ಬಸ್ ಹತ್ತಿ ಹೋಗಿ, ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ಸಾಗುವಷ್ಟು ದೂರವೇ ಹದಿಹರೆಯಕ್ಕೆ ಸರಿಯಾದ ದೂರ. ಸಾಕಿದ ಹಸುವನ್ನು ಬಿಟ್ಟು ಎರಡು ದಿನ ಇರಲಾಗದ ಮನೆಗಳೇ ಇಲ್ಲಿ ಹೆಚ್ಚು.

ಹಾಗೆ ನೋಡಿದರೆ ಹಾಸ್ಟೆಲ್ ಬೇಕೇ ಎಂಬ ಪ್ರಶ್ನೆಯೂ ಬರುತ್ತದೆ. ಮೈಸೂರಿಗೆ ನಂಜನಗೂಡಿನಿಂದ 25, ತಿ. ನರಸೀಪುರದಿಂದ 30 ಕಿಲೋಮೀಟರ್ ಆಸುಪಾಸು. ನಂಜನಗೂಡಿಗೆ ಚಾಮರಾಜನಗರದ ರೈಲೂ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಹುಡುಗರಿಗೆ ರಿಯಾಯಿತಿ ಪಾಸು. ಹಿಂದೆ ಬಸ್ ಚಾರ್ಜಿಗೆ ಹೆದರಿ ಹಾಸ್ಟೆಲ್ ಹುಡುಕುತ್ತಿದ್ದ ಮನೆಯವರು ಈಗ ಲೆಕ್ಕ ಹೊಸದಾಗಿ ಹಾಕಬೇಕು. ಸರ್ಕಾರಿ ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮೆಟ್ರಿಕ್ ನಂತರದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಒಂದಷ್ಟು ಹಣ ಸಿಗುವುದುಂಟು. ಮುಖ್ಯರಸ್ತೆಯ ಊರಿಗೆ ಈ ಲೆಕ್ಕ ಒಪ್ಪುತ್ತದೆ. ಸಂಜೆ ಆರರ ಮೇಲೆ ಬಸ್ಸೇ ಇಲ್ಲದ ಒಳಗಿನ ಹಳ್ಳಿಗೆ, ಅಂಥ ಊರಿನ ಹುಡುಗಿಗೆ, ಒಪ್ಪುವುದಿಲ್ಲ. ಅವಳಿಗೆ ಹಾಸ್ಟೆಲ್ ಎಂದರೆ ಹದಿನೇಳಕ್ಕೇ ಮದುವೆಯ ಮಾತು ಬರದಂತೆ ತಡೆಯುವ ಬೇಲಿ. ಬೇಲಿಯ ಒಳಗೆ ನಿಂತಿರುವುದಕ್ಕೆ ಅವಳೇ ಕೃತಜ್ಞಳಾಗಿರುತ್ತಾಳೆ.

ಇಷ್ಟೆಲ್ಲ ವಿಚಾರಿಸುವ ಹೆತ್ತವರೂ ಮರೆಯುವ ಒಬ್ಬರಿದ್ದಾರೆ. ಹಾಸಿಗೆ ಹಾಸಿ ಮಲಗಬೇಕಾದವರು. ಹತ್ತು ವರ್ಷದ ಮಗುವಿಗೆ ಕೇಳದೆ ತೀರ್ಮಾನಿಸಿದರೆ ಅದು ನಾಲ್ಕು ದಿನ ಅತ್ತು ಹೊಂದಿಕೊಂಡೀತು. ಹದಿನೈದರವನಿಗೆ ಕೇಳದೆ ಹಾಕಿದರೆ ಅವನು ಅಳುವುದಿಲ್ಲ, ಮಾತು ಬಿಡುತ್ತಾನೆ. ಎರಡೋ ಮೂರೋ ಶಾಲೆಗೆ ಅವನನ್ನೇ ಕರೆದುಕೊಂಡು ಹೋಗಿ, ಅಪ್ಪ ಆಫೀಸಿನಲ್ಲಿ ಫೀಸಿನ ಚೌಕಾಶಿ ಮಾಡುವಾಗ ಅವನನ್ನು ಅಲ್ಲಿನ ಒಂಬತ್ತನೇ ತರಗತಿಯ ಹುಡುಗರ ಜೊತೆ ಅರ್ಧ ಗಂಟೆ ಬಿಟ್ಟರೆ, ಯಾವ ಸರ್ ಹೊಡೆಯುತ್ತಾರೆ, ಯಾವ ಸೀನಿಯರ್ ಬಟ್ಟೆ ಒಗೆಸುತ್ತಾನೆ, ಸಾಂಬಾರು ಎಂದಿನಿಂದ ನೀರಾಯಿತು ಎಂಬುದೆಲ್ಲ ಅವನ ಕಿವಿಗೆ ಬಿದ್ದಿರುತ್ತದೆ. ವಾಪಸ್ ಬರುವ ಬಸ್ಸಿನಲ್ಲಿ ಅವನ ಬಾಯಿಂದ ಅದನ್ನು ಹೊರಡಿಸುವುದು ಅಪ್ಪನ ಜಾಣ್ಮೆ.

ಕೊನೆಗೆ ದುಡ್ಡಿನ ವಿಷಯ. ಖಾಸಗಿ ಶಾಲೆಗೆ ಹಣ ಕಟ್ಟುವ ಮುಂಚೆ, ಮಗು ಹೊಂದಿಕೊಳ್ಳದೆ ನಡುವೆ ವಾಪಸ್ಸಾದರೆ ಎಷ್ಟು ಹಿಂದಿರುಗುತ್ತದೆ, ವರ್ಗಾವಣೆ ಪತ್ರ ಎಷ್ಟು ದಿನದಲ್ಲಿ ಕೊಡುತ್ತಾರೆ ಎಂದು ಬರಹದಲ್ಲಿ ಪಡೆಯುವುದು ಒಳ್ಳೆಯದು. ಹಲವು ಕಡೆ ಶುಲ್ಕ ಕಂತಿನಲ್ಲಿರುತ್ತದೆ, ಎರಡನೆಯದು ದಸರಾ ರಜೆಯ ಮೇಲೆ. ಜೂನ್‌ನಲ್ಲಿ ಹೋದ ಮಗು ಮೊದಲ ಬಾರಿಗೆ ಒಂದೆರಡು ವಾರ ಮನೆಯಲ್ಲಿ ಇರುವುದೂ ಆಗಲೇ. ತೂಕ ಇಳಿದಿದೆಯೇ, ಗೆಳೆಯರ ಹೆಸರು ಬಾಯಲ್ಲಿ ಬರುತ್ತದೆಯೇ, ರಾತ್ರಿ ಬೆಚ್ಚಿ ಏಳುತ್ತದೆಯೇ ಎಂದು ನೋಡಲು ಅಷ್ಟು ದಿನ ಸಾಕು. ಜಂಬೂಸವಾರಿ ನೋಡಿ ಬಂದ ರಾತ್ರಿ, ಕಂತಿನ ಚೀಟಿಯನ್ನು ಟೇಬಲ್ಲಿನ ಮೇಲೆ ಇಟ್ಟು, ಮತ್ತೆ ಹೋಗ್ತೀಯಾ ಮಗಾ ಎಂದು ಒಮ್ಮೆ ಕೇಳಬಹುದು. ಉತ್ತರ ತಕ್ಷಣ ಬರಲಿಕ್ಕಿಲ್ಲ. ಚೀಟಿಯ ಗಡುವಿಗೆ ಇನ್ನೂ ನಾಲ್ಕು ದಿನ ಇರುತ್ತದೆ.